ಎರಡೇ ಎರಡು ನೀಲಿ

"ಮುರಿಗೆಪ್ಪನ ಎಡಗಣ್ಣು ಹೋಯ್ತಂತೆ ಮಾರಾಯ್ತಿ!"

ಸೇವಂತಿ ಜೊತೆ ಕೆಲಸ ಮಾಡೋ ವಿನೋದಿನಿ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು.

"ಎಂತ?"

"ಎಡಗಣ್ಣು! ಪೂರ್ತಿ! ಇನ್ನು ಕಾಣುದೇ ಇಲ್ಲಂತೆ. ನಾಲ್ಕು ದಿನದಿಂದ ಬರ್ಲಿಲ್ಲ ಅಲ್ವಾ, ನಾವು ಜ್ವರ ಅಂದ್ಕೊಂಡದ್ದು... ಅವನ ಚಾಳಿನವ ಒಬ್ಬ ಗೇಟಲ್ಲಿ ಹೇಳ್ತಿದ್ದ."

ಸೇವಂತಿ ಕೈಲಿದ್ದ ಆಂಪುಲ್ ಜಾರಿ ನೆಲಕ್ಕೆ ಬಿತ್ತು. ಟಪ್!

"ಕಾಚಬಿಂದು ಅಂದ್ರಂತೆ ಡಾಕ್ಟ್ರು. ಕಣ್ಣೊಳಗೆ ಒತ್ತಡ ಏರಿ ಏರಿ ನರವೇ ಸತ್ತು ಹೋಗುದಂತೆ. ನೋವೂ ಇಲ್ಲ, ಎಂತದೂ ಇಲ್ಲ. ಆರು ತಿಂಗಳ ಮೊದ್ಲು ಬಂದಿದ್ರೆ ಉಳಿಸ್ತಿದ್ದೆವು ಅಂದ್ರಂತೆ."

"ಮೊದ್ಲೇ... ಯಾಕೆ ಹೋಗ್ಲಿಲ್ಲಂತೆ?" ಸೇವಂತಿ ಕೇಳಿದಳು.

"ಅವನಿಗೆ ಹೇಗೆ ಗೊತ್ತಾಗ್ಬೇಕು ಹೇಳು! ಸ್ವಲ್ಪ ಮಂಜು ಮಂಜು ಅನಿಸ್ತಿತ್ತಂತೆ. ಆದ್ರೆ ಕೆಲಸ ಚೊಕ್ಕ ಬರ್ತಿತ್ತಲ್ಲ? ದಿನಾ ಅವನ ಚೀಟಿಯಲ್ಲಿ ನೀಲಿ ಎರಡೇ ಎರಡು. ನೀನೇ ಅಲ್ವಾ ಬರೆಯುದು?"

ಹೌದು. ಅವಳೇ ಬರೆಯುದು.

ಸೇವಂತಿ ಬಗ್ಗಿ ಗಾಜಿನ ಚೂರು ಹೆಕ್ಕೋಕೆ ಹೋದಳು. ಒಂದು ಚೂರು ಬೆರಳಿಗೆ ಚುಚ್ಚಿತು. ರಕ್ತ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

*ನಾನೇ... ಅವರ ಕಣ್ಣು ತೆಗೆದದ್ದು ನಾನೇ!*

---

ಇದು ಸಾವಿರದ ಒಂಬೈನೂರ ಐವತ್ತೈದರ ಮಾತು. ಜೋಗೇಶ್ವರಿಯಲ್ಲಿ ಇಂಜೆಕ್ಷನ್ ಮದ್ದು ತಯಾರು ಮಾಡೋ ಒಂದು ಸಣ್ಣ ಕಾರ್ಖಾನೆ. ಬೆರಳುದ್ದದ ಗಾಜಿನ ಬುಡ್ಡಿ, ಅದೇ ಆಂಪುಲ್, ಅದಕ್ಕೆ ಮದ್ದು ತುಂಬಿ ಬೆಂಕಿಯಲ್ಲಿ ಬಾಯಿ ಕರಗಿಸಿ ಮುಚ್ಚೋದು ಗಂಡಸರ ಕೆಲಸ. ಆಮೇಲೆ ಆ ಬುಡ್ಡಿಗಳನ್ನೆಲ್ಲ ನೀಲಿ ಬಣ್ಣದ ನೀರಲ್ಲಿ ಮುಳುಗಿಸಿ, ಮಿಷನ್ ಹಾಕಿ ಗಾಳಿ ಎಳೀತಿದ್ರು. ಬಾಯಿ ಸರಿಯಾಗಿ ಮುಚ್ಚದ ಬುಡ್ಡಿ ಇದ್ರೆ ನೀಲಿ ನೀರು ಒಳಗೆ ಹೋಗಿ ಸಿಕ್ಕಿಬೀಳ್ತಿತ್ತು.

ಆ ನೀಲಿಗಳನ್ನ ಹೆಕ್ಕಿ, ಎಣಿಸಿ, ಬಾಯಿ ಮುಚ್ಚಿದವನ ಹೆಸರಿನ ಚೀಟಿಯಲ್ಲಿ ಬರೆಯೋದು ಸೇವಂತಿಯ ಕೆಲಸ.

ಎರಡು ವರ್ಷ ಅವಳು ಆ ಕೆಲಸವನ್ನ ಹಲ್ಲು ಕಚ್ಚಿಕೊಂಡು ಮಾಡಿದ್ದಳು. ಏಳನೇ ಕ್ಲಾಸ್ ಮುಗಿದಾಗ ಟೀಚರ್ ಆಗ್ಬೇಕು ಅಂತ ಆಸೆ ಇತ್ತು. ಅಪ್ಪ, ಹೆಸರು ಅಣ್ಣು, ಗೋರೆಗಾಂವ್ ಸ್ಟೇಶನ್ ಹತ್ರದ ಉಡುಪಿ ಹೋಟೆಲಲ್ಲಿ ಅಡುಗೆಯವರು. ಅಮ್ಮ ಇಲ್ಲ. ಟೀಚರ್ ಆಗೋ ಮಾತು ಅಲ್ಲಿಗೇ ನಿಂತಿತ್ತು.

*ದಿನಾ ಗಾಜು ನೋಡುದು... ಇದೂ ಒಂದು ಕೆಲಸವಾ?* ಅಂತ ಗಂಟೆ ಎಣಿಸ್ತಾ ಕೂರ್ತಿದ್ದಳು.

ಆಗ ಬಂದವನು ಮುರಿಗೆಪ್ಪ. ಬಂದದ್ದೇ ಜಗಳಕ್ಕೆ!

"ಯಾರ್ರೀ ಅದು, ನನ್ನ ಚೀಟ್ಯಾಗ ಹದಿನಾಲ್ಕು ನೀಲಿ ಅಂತ ಬರದಾಕಿ?"

ಊಟದ ಹೊತ್ತು. ಡಬ್ಬಿ ಬಿಚ್ಚುತ್ತಿದ್ದ ಹುಡುಗೀರೆಲ್ಲ ತಲೆ ಎತ್ತಿದ್ರು. ಎತ್ತರದ ಆಳು, ಬೆಂಕಿ ಮುಂದೆ ಕೂತು ಬೆವರಿದ ಮುಖ, ಹಣೆಯಲ್ಲಿ ಅರ್ಧ ಅಳಿಸಿದ ವಿಭೂತಿ.

"ನಾನು" ಅಂದಳು ಸೇವಂತಿ. "ಎಂತ ಈಗ?"

"ಎಂತ ಅಂದ್ರ? ನಾ ನಾಕು ವರ್ಷ ಗಾಜಿನ ಕೆಲಸ ಮಾಡಿ ಬಂದಾಂವ. ಹದಿನಾಲ್ಕು ಆಗಾಕ ಸಾಧ್ಯನ ಇಲ್ಲ!"

ಸೇವಂತಿ ನೀಲಿ ಬುಡ್ಡಿಗಳನ್ನ ಒಂದೊಂದಾಗಿ ಅವನ ಮುಂದೆ ಜೋಡಿಸಿದಳು. "ಎಣಿಸಿ."

ಅವನು ಎಣಿಸಿದ. ಹತ್ತಕ್ಕೆ ಬರುವಾಗ ದನಿ ಇಳಿದಿತ್ತು. ಹದಿನಾಲ್ಕಕ್ಕೆ ಬರುವಾಗ ದನಿಯೇ ಇರಲಿಲ್ಲ.

"ನಿಜವಾಗಿ ಹದಿನೈದು" ಅಂದಳು ಸೇವಂತಿ. "ಒಂದು ನನ್ನ ಕೈಯಲ್ಲಿ ಒಡೀತು. ಅದನ್ನ ನಿಮ್ಮ ತಲೆಗೆ ಕಟ್ಟಲಿಲ್ಲ."

ಹುಡುಗೀರು ಗೊಳ್ಳಂತ ನಕ್ಕರು. ಅವನೂ ನಕ್ಕುಬಿಟ್ಟ! ಸಿಟ್ಟಲ್ಲಿ ಬಂದ ಮನುಷ್ಯ ಅಷ್ಟು ಚಂದ ನಗ್ತಾನೆ ಅಂತ ಸೇವಂತಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಊಟದ ಹೊತ್ತಿಗೆ ಮತ್ತೆ ಬಂದ. "ಹೆಂಗ ನೋಡ್ತೀರಿ, ನನಗೂ ತೋರಸ್ರಿ" ಅಂತ ಪಕ್ಕದ ಸ್ಟೂಲ್ ಎಳೆದು ಕೂತ. ತುಂಬ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ನನ್ನ ತಮ್ಮ ಒಬ್ಬ ಇದ್ದ, ದಾನಪ್ಪ ಅಂತ. ಎಂಟು ವರ್ಷದಾಂವ. ಎದಿಯಾಗ ಕಫ ಕಟ್ಟಿತ್ತು. ಧಾರವಾಡಕ್ಕ ಹೊತಗೊಂಡು ಹೋದ್ವಿ, ಇಂಜೆಕ್ಷನ್ನೂ ಮಾಡಿದ್ರು... ಔಷಧ ಕೆಟ್ಟಿತ್ತಂತ. ಬುಡ್ಡಿ ಬಾಯಿ ಸರಿ ಮುಚ್ಚಿರಲಿಲ್ಲಂತ."

ಸೇವಂತಿ ಕೈ ನಿಂತುಹೋಯಿತು.

"ಅದಕ್ಕ ಈ ಕೆಲಸಕ್ಕ ಬಂದೆ. ನಾ ಬಾಯಿ ಮುಚ್ಚತೀನ್ರಿ, ನೀವು ನೋಡ್ತೀರಿ. ನಮ್ಮಿಬ್ಬರ ನಡುವ ಒಂದು ಬುಡ್ಡೀನೂ ತಪ್ಪಿಸಿಕೊಂಡು ಹೋಗಬಾರ್ದು ನೋಡ್ರಿ."

ಅವತ್ತು ಮಧ್ಯಾಹ್ನ ಅವಳು ಗಂಟೆ ನೋಡಲೇ ಇಲ್ಲ. ಒಂದೊಂದು ಬುಡ್ಡಿ ಎತ್ತಿ ಬೆಳಕಿಗೆ ಹಿಡಿದಾಗಲೂ ಅದರ ಆಚೆ ಒಂದು ಮಗು ಮಲಗಿದ ಹಾಗೆ ಅನಿಸ್ತಿತ್ತು.

---

ಆಮೇಲೆ ಏನಾಯ್ತು ಅಂತ ಬಿಡಿಸಿ ಹೇಳ್ಬೇಕಾ?

ಮುರಿಗೆಪ್ಪನ ನೀಲಿ ಹದಿನಾಲ್ಕರಿಂದ ಆರಕ್ಕೆ, ಆರರಿಂದ ಎರಡಕ್ಕೆ ಇಳಿಯಿತು. ಸಂಜೆ ಕಾರ್ಖಾನೆಯಿಂದ ಸ್ಟೇಶನ್‌ವರೆಗೆ ಇಬ್ಬರೂ ಒಟ್ಟಿಗೆ ನಡೆಯೋದು ಶುರುವಾಯಿತು. ಅವಳ "ಎಂತ"ವನ್ನ ಅವನು ಆಡಿಕೊಳ್ಳೋದು, ಅವನ "ಐತಿ"ಯನ್ನ ಅವಳು ಆಡಿಕೊಳ್ಳೋದು. ಲೋಕಲ್ ರೈಲು ಬಂದರೆ ಅವಳು ಹೆಂಗಸರ ಡಬ್ಬಿಗೆ, ಅವನು ಗಂಡಸರ ಡಬ್ಬಿಗೆ. ಅವಳದು ಮುಂದಿನ ಸ್ಟೇಶನ್ನೇ. ಆದರೂ ಗೋರೆಗಾಂವಲ್ಲಿ ಇಳಿದು, ಕಾಂದಿವಲಿಗೆ ಹೋಗೋ ಅವನ ಡಬ್ಬಿ ದಾಟಿ ಹೋಗೋವರೆಗೆ ಪ್ಲಾಟ್‌ಫಾರ್ಮಲ್ಲಿ ನಿಲ್ತಿದ್ದಳು. ಬಾಗಿಲಲ್ಲಿ ನಿಂತ ಅವನು ಕೈ ಎತ್ತೋದು... ಇಡೀ ದಿನಕ್ಕೆ ಅಷ್ಟು ಸಾಕಿತ್ತು.

ಮಳೆಗಾಲ ಬಂತು. ಒಂದು ದಿನ ಅವನ ಟ್ರೇಯಲ್ಲಿ ಐದು ನೀಲಿ. ಮರುದಿನ ಒಂಬತ್ತು. ಅದರ ಮರುದಿನ ಹದಿಮೂರು!

ಕಾರ್ಖಾನೆಯ ರೂಲ್ ಹೀಗಿತ್ತು: ಮೂರು ದಿನ ಸಾಲಾಗಿ ಹತ್ತು ದಾಟಿದರೆ ಬೆಂಕಿ ಮುಂದಿನ ಕೆಲಸ ಹೋಯ್ತು. ಹಿಂದಿನ ಶೆಡ್ಡಲ್ಲಿ ಬುಡ್ಡಿ ತೊಳೀತಾ ಕೂರಬೇಕು.

*ಪಾಪ, ಎಂತದೋ ಸುಸ್ತು ಇರಬೇಕು. ಈ ಕೆಲಸ ಅಂದ್ರೆ ಅವರಿಗೆ ಜೀವ... ತಮ್ಮನ ನೆನಪಲ್ಲಿ ಮಾಡುದು. ಅದನ್ನೇ ಕಿತ್ಕೊಂಡ್ರೆ?*

ಸೇವಂತಿ ಆಚೀಚೆ ನೋಡಿದಳು. ಹದಿಮೂರರಲ್ಲಿ ಹನ್ನೊಂದನ್ನ ಎತ್ತಿ, ಒಡೆದ ಗಾಜು ಹಾಕೋ ಬಕೆಟಿಗೆ ಬೀಳಿಸಿದಳು. ಚೀಟಿಯಲ್ಲಿ ಬರೆದಳು: ನೀಲಿ, ಎರಡು.

ಕೆಟ್ಟ ಬುಡ್ಡಿ ಒಂದನ್ನೂ ಅವಳು ಹೊರಗೆ ಬಿಡಲಿಲ್ಲ. ಯಾವ ರೋಗಿಗೂ ಮೋಸ ಮಾಡಲಿಲ್ಲ. ಹಾಗಾದ್ರೆ ತಪ್ಪೆಂತ? ಅಂತ ತನಗೆ ತಾನೇ ಹೇಳಿಕೊಂಡಳು. ಒಂದು ದಿನಕ್ಕೆ ಅಂತ ಮಾಡಿದ್ದು ಒಂದು ವಾರ ಆಯ್ತು. ವಾರ ಹೋಗಿ ತಿಂಗಳಾಯ್ತು. ಅದನ್ನ ಅವಳು ಪ್ರೀತಿ ಅಂದುಕೊಂಡಿದ್ದಳು.

ಒಂದು ಸಂಜೆ ಸ್ಟೇಶನ್ನಲ್ಲಿ ಅವನು ಕೇಳಿದ.

"ಸೇವಂತಿಯವರ, ದೀಪದ ಸುತ್ತ ಕೈಬಳಿಯಂಗ ಬಣ್ಣದ ಬಳಿ ಬಳಿ ಕಾಣ್ತಾವಲ್ರೀ... ನಿಮಗೂ ಕಾಣ್ತಾವೇನು?"

"ಮಳೆಗೆ ಹಾಗೆ ಕಾಣುದು."

"ಬೆಂಕಿ ಮುಂದ ಕುಂತಾಗೂ ಎಡಗಡೆ ಮಂಜು ಕವಿದಂಗ ಆಗ್ತೈತಿ. ಡಾಕ್ಟರ್ ಕಡೆ ಹೋಗ್ಲೇನು ಅಂತ ವಿಚಾರ ಮಾಡಾಕತ್ತೀನಿ..." ಅಷ್ಟು ಹೇಳಿ ತಾನೇ ನಕ್ಕ. "ಬ್ಯಾಡ ಬಿಡ್ರಿ. ಕಣ್ಣು ಕೆಟ್ಟಿದ್ರ ನಿಮ್ಮ ಚೀಟಿ ಹೇಳತಿತ್ತಲ್ಲ! ನನ್ನ ಕಣ್ಣಿಗಿಂತ ನಿಮ್ಮ ಕಣ್ಣ ಮ್ಯಾಲ ನನಗ ಭರೋಸಾ ಭಾಳ."

ಆಗ ಹೇಳಬೇಕಿತ್ತು! ಅಲ್ಲೇ, ಆ ಕ್ಷಣದಲ್ಲೇ!

ಬಾಯಿ ತನಕ ಬಂತು. *ಹೇಳಿದ್ರೆ ನನ್ನ ಬಗ್ಗೆ ಎಂತ ತಿಳ್ಕೊಳ್ತಾರೋ... ನಾಳೆ ಹೇಳಿದ್ರಾಯ್ತು.* ಲೋಕಲ್ ಬಂತು. ಅವಳು ಹತ್ತಿಬಿಟ್ಟಳು.

ಆ ನಾಳೆ ಆರು ತಿಂಗಳಾದರೂ ಬರಲಿಲ್ಲ.

---

ಕಣ್ಣಿನ ಸುದ್ದಿ ಕೇಳಿದ ಮೇಲಿನ ಭಾನುವಾರ ಸೇವಂತಿ ಕಾಂದಿವಲಿಗೆ ಹೋದಳು. ಮುರಿಗೆಪ್ಪ ಅಕ್ಕ ಚಂದ್ರವ್ವನ ಮನೆಯಲ್ಲಿ ಇರ್ತಿದ್ದ. ಚಾಳಿನ ಕೊನೆಯ ಖೋಲಿ.

"ಬಾ ನಮ್ಮವ್ವ, ಬಾ!" ಚಂದ್ರವ್ವ ಕೈ ಹಿಡಿದು ಒಳಗೆ ಕರೆದುಕೊಂಡಳು. "ನೀನ ಏನು ಸೇವಂತಿ? ದಿನಾ ನಿನ್ನ ಹೆಸರ ಹೇಳ್ತಾನ. ಸೇವಂತಿಯವರು ಬರದ್ರ ಅದು ಸುಳ್ಳಾಗಂಗಿಲ್ಲ ಅಂತಾನ."

ಸೇವಂತಿಗೆ ಭೂಮಿ ಬಾಯಿಬಿಡಬಾರದಾ ಅನಿಸಿತು.

ಮುರಿಗೆಪ್ಪ ಗೋಡೆಗೆ ಒರಗಿ ಕೂತಿದ್ದ. ಎಡಗಣ್ಣಿಗೆ ಬಿಳಿ ಪಟ್ಟಿ. ಅವಳ ದನಿ ಕೇಳಿ ಮುಖ ತಿರುಗಿಸಿ ನಕ್ಕ... ಅದೇ ನಗು!

"ಎಂತ?" ಅಂತ ಅವಳ ಹಾಗೇ ಅಂದ. "ಯಾಕ ಬಾಗಲದಾಗ ನಿಂತ್ರಿ? ಒಂದು ಕಣ್ಣು ಐತಲ್ರೀ ಇನ್ನೂ, ಅಳಬ್ಯಾಡ್ರಿ."

ಚಂದ್ರವ್ವ ಚಹಾದ ಬಶಿ ಕೈಗೆ ಕೊಟ್ಟಳು. ಸೇವಂತಿ ಅದನ್ನ ಕೆಳಗಿಟ್ಟು, ಒಂದೇ ಉಸಿರಿಗೆ ಹೇಳಿದಳು.

"ಎರಡಲ್ಲ. ಮಳೆಗಾಲದಿಂದ ಎರಡು ಇರಲೇ ಇಲ್ಲ. ಹದಿಮೂರು, ಹದಿನೇಳು, ಒಂದು ದಿನ ಇಪ್ಪತ್ತೆರಡು... ನಾನು ಬಕೆಟಿಗೆ ಹಾಕಿ ಎರಡು ಅಂತ ಬರೆದೆ. ನಿಮ್ಮನ್ನ ಬುಡ್ಡಿ ತೊಳೀಲಿಕ್ಕೆ ಹಾಕ್ತಾರೆ ಅಂತ ಹೆದರಿ..."

ಚಂದ್ರವ್ವ ಸ್ಟೋವ್ ಆರಿಸಿದಳು.

"ಇಪ್ಪತ್ತೆರಡು?" ಅಂದ ಮುರಿಗೆಪ್ಪ.

"ಹೌದು."

"ದೀಪದ ಸುತ್ತ ಬಳಿ ಕಾಣ್ತಾವ ಅಂತ ಕೇಳಿದ್ನಲ್ಲ ನಿಮ್ಮನ್ನ... ಆವತ್ತು?"

"ಆವತ್ತು ಹದಿನೈದು."

ಅವನು ಎದ್ದು ನಿಂತ. ಗೋಡೆ ಎಷ್ಟು ದೂರ ಇದೆ ಅಂತ ಅಂದಾಜು ಸಿಗದೆ ಕೈ ಬಡಿದುಕೊಂಡ. ಸೇವಂತಿ ಹಿಡಿಯೋಕೆ ಓಡಿದಳು.

"ಮುಟ್ಟಬ್ಯಾಡ್ರಿ!"

ಆ ದನಿ ಅವಳು ಯಾವತ್ತೂ ಕೇಳಿರಲಿಲ್ಲ.

"ದಯಾ ತೋರಸ್ರಿ ಅಂತ ನಾ ಕೇಳಿದ್ನೇನು? ನಿಮ್ಮ ಚೀಟಿ ನೋಡಿ ನೋಡಿ, ನನ್ನ ಕಣ್ಣ ಸುಳ್ಳು ಹೇಳಾಕತ್ತೈತಿ ಅಂತ ತಿಳಕೊಂಡ್ನಲ್ರೀ ನಾನು!" ಅವನು ಬಾಗಿಲ ಕಡೆ ಕೈ ತೋರಿಸಿದ. "ಹೋಗ್ರಿ. ಹೋಗಿಬಿಡ್ರಿ."

ಚಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಕಡೆ ತಿರುಗಿದಳು. ಸೇವಂತಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಇಳಿದಳು.

---

ಸೋಮವಾರ ಬೆಳಿಗ್ಗೆ ಸೇವಂತಿ ಸೀದಾ ಸೂಪರ್‌ವೈಸರ್ ಮುಂದೆ ಹೋಗಿ ನಿಂತಳು. ಎಲ್ಲ ಹೇಳಿದಳು.

"ಹುಚ್ಚಾ ನಿಂಗೆ?" ವಿನೋದಿನಿ ತಲೆ ಚಚ್ಚಿಕೊಂಡಳು. "ಯಾರಿಗೆ ಗೊತ್ತಿತ್ತು? ಖಾಲಿಪೀಲಿ ಯಾಕೆ ಹೋಗಿ ಹೇಳಿದ್ದು ಮಾರಾಯ್ತಿ?"

"ನಂಗೆ ಗೊತ್ತಿತ್ತಲ್ಲ."

ಸೂಪರ್‌ವೈಸರ್ ಅವಳನ್ನ ಕೆಲಸದಿಂದ ತೆಗೀಲಿಲ್ಲ. ಚೀಟಿ ಬರೆಯೋ ಟೇಬಲ್ಲಿಂದ ತೆಗೆದು ಹಿಂದಿನ ಶೆಡ್ಡಿಗೆ ಹಾಕಿದ್ರು, ಬುಡ್ಡಿ ತೊಳೆಯೋಕೆ. ಮುರಿಗೆಪ್ಪನನ್ನ ಯಾವ ಕೆಲಸದಿಂದ ಉಳಿಸೋಕೆ ಅಷ್ಟು ಸುಳ್ಳು ಬರೆದಿದ್ದಳೋ, ಅದೇ ಕೆಲಸ!

ಕುದಿಯೋ ನೀರು. ಒಂದು ವಾರದಲ್ಲಿ ಬೆರಳ ತುದಿ ಬಿರಿಯಿತು. ರೊಟ್ಟಿ ಮುರಿಯೋಕೂ ಆಗದ ಹಾಗೆ ಉರಿ. ಅಪ್ಪ ಅವಳ ಕೈ ಹಿಡಿದು ನೋಡಿ ಕಣ್ಣೊರೆಸಿಕೊಂಡರು.

"ಸಾಕು ಮಗಾ. ಬಿಟ್ಟುಬಿಡು. ಊರಲ್ಲಿ ಒಂದು ಸಂಬಂಧ ಉಂಟು ಅಂತ ಮೋನಪ್ಪ ಮಾವ ಕಾಗದ ಹಾಕಿದ್ದಾರೆ..."

"ಇಲ್ಲ ಅಪ್ಪ. ನಾನು ಆ ಟೇಬಲ್ಲಿಗೆ ವಾಪಸ್ ಹೋಗ್ಬೇಕು. ಸರಿಯಾಗಿ ಮಾಡಬೇಕು. ಒಂದು ಸಲ ಆದ್ರೂ."

"ಆ ಹುಡುಗ ಬರ್ತಾನೆ ಅಂತ ಕಾಯುದಾ?"

ಸೇವಂತಿ ತಲೆ ಅಲ್ಲಾಡಿಸಿದಳು. "ಅವರು ಬರುದಿಲ್ಲ ಅಪ್ಪ. ಯಾಕೆ ಬರ್ತಾರೆ?"

ಅಷ್ಟು ಹೇಳಿ ಒಳಗೆ ಹೋಗಿ, ಬಾಗಿಲ ಹಿಂದೆ ನಿಂತು ತುಂಬ ಅತ್ತಳು. ಗೋರೆಗಾಂವ್ ಪ್ಲಾಟ್‌ಫಾರ್ಮಲ್ಲಿ ಇಳಿದ ಕೂಡಲೇ ಕಾಲು ಈಗಲೂ ತಾನಾಗಿ ನಿಲ್ತಿತ್ತು. ಗಂಡಸರ ಡಬ್ಬಿ ದಾಟಿ ಹೋಗ್ತಿತ್ತು. ಯಾರೂ ಕೈ ಎತ್ತುತ್ತಿರಲಿಲ್ಲ.

ಮೂರು ತಿಂಗಳು ಕಳೀತು. ಒಂದು ದಿನ ಸೂಪರ್‌ವೈಸರ್ ಶೆಡ್ಡಿಗೆ ಬಂದು, "ತಾನಾಗಿ ಬಂದು ಹೇಳಿದವಳು ಇನ್ನೊಂದ್ಸಲ ಸುಳ್ಳು ಬರೆಯಲ್ಲ. ನಾಳೆಯಿಂದ ಟೇಬಲ್ಲಿಗೆ ಹೋಗು" ಅಂದ್ರು.

ವಾಪಸ್ ಹೋದ ದಿನವೇ ಕೊರಗಣ್ಣನ ಟ್ರೇಯಲ್ಲಿ ಹನ್ನೊಂದು ನೀಲಿ! ಕೊರಗಣ್ಣ ಕಾರ್ಖಾನೆಗೇ ಹಿರಿಯ ಕೆಲಸಗಾರ, ಅವಳ ಊರ ಕಡೆಯವರೇ. ಬೇರೆ ಯಾರಾದ್ರೂ ಆಗಿದ್ರೆ ಏಳೋ ಎಂಟೋ ಬರೆದು ಸುಮ್ಮನಾಗ್ತಿದ್ರು. ಸೇವಂತಿ ಹನ್ನೊಂದೇ ಬರೆದಳು. ಚೀಟಿ ತಾನೇ ತಗೊಂಡು ಹೋಗಿ ಕೊಟ್ಟಳು.

"ಓಹೋ!" ಕೊರಗಣ್ಣ ಎಲ್ಲರಿಗೂ ಕೇಳೋ ಹಾಗೆ ಅಂದ್ರು. "ನಿನ್ನ ಹುಡುಗನಿಗಾದ್ರೆ ಎರಡು, ನಂಗೆ ಹನ್ನೊಂದಾ?"

ನಾಲ್ಕೈದು ಜನ ನಕ್ಕರು. ಸೇವಂತಿ ಕಣ್ಣು ತುಂಬಿತು. ಆದರೆ ಅವಳು ಅಲ್ಲಿಂದ ಕದಲಲಿಲ್ಲ.

"ಹೌದು ಕೊರಗಣ್ಣ. ಎರಡು ಅಂತ ಬರೆದದ್ದಕ್ಕೇ ಅವರ ಕಣ್ಣು ಹೋಯ್ತು. ನಿಮ್ಮ ಕೈ ಸ್ವಲ್ಪ ನಡುಗ್ತಾ ಉಂಟು, ಡಾಕ್ಟ್ರಿಗೆ ತೋರಿಸಿ. ಬಯ್ಯುದಾದ್ರೆ ಬಯ್ಯಿ, ನಾನು ಕಡಿಮೆ ಬರೆಯುದಿಲ್ಲ."

ನಗು ನಿಂತಿತು. ಕೊರಗಣ್ಣ ತನ್ನ ಕೈ ನೋಡಿಕೊಂಡರು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು.

---

ಎಂಟು ದಿನ ಆದ ಮೇಲೆ, ಸಂಜೆ ಜೋಗೇಶ್ವರಿ ಸ್ಟೇಶನ್ನಲ್ಲಿ, ಬೆಂಚಿನ ಮೇಲೆ ಮುರಿಗೆಪ್ಪ ಕೂತಿದ್ದ.

ಸೇವಂತಿ ನಿಂತುಬಿಟ್ಟಳು. ವಾಪಸ್ ಹೋಗೋಣವಾ? ನೋಡಿಲ್ಲದ ಹಾಗೆ ದಾಟೋಣವಾ?

"ಬರ್ರಿ, ಕೂಡ್ರಿ" ಅಂದ ಅವನು. "ನಿಮ್ಮ ನಡಗಿ ನನಗ ಗೊತ್ತಾಗ್ತೈತಿ."

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ವಿನೋದಿನಿಯವರು ಮನಿಗೆ ಬಂದಿದ್ರು. ಎಲ್ಲಾ ಹೇಳಿದ್ರು... ನೀವಾಗೇ ಹೋಗಿ ಒಪ್ಪಿಕೊಂಡದ್ದು, ತೊಳಿಯೋ ಶೆಡ್ಡು, ಕೊರಗಣ್ಣನ ಹನ್ನೊಂದು. ಆದ್ರ ನನ್ನ ಸಿಟ್ಟು ಹೋಗಿಲ್ರೀ. ಇನ್ನೂ ಐತಿ."

"ಇರಲಿ. ಇರಬೇಕು."

"ಒಂದು ಕೇಳ್ತೀನಿ. ನನ್ನ ಎಡಗಣ್ಣು ಈಗ ನೋಡಾಕ ಹೆಂಗ ಕಾಣ್ತೈತಿ?"

ಅವನು ಪೂರ್ತಿ ಅವಳ ಕಡೆ ತಿರುಗಿದ. ಪಟ್ಟಿ ಇರಲಿಲ್ಲ. ಸೇವಂತಿ ನೋಡಿದಳು. *ಏನೂ ಗೊತ್ತಾಗುದಿಲ್ಲ, ಮೊದಲಿನ ಹಾಗೇ ಉಂಟು...* ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು!

ಅವಳು ಆ ಮಾತನ್ನ ನುಂಗಿದಳು.

"ಗುಡ್ಡೆ ಮಬ್ಬಾಗಿದೆ. ಬಲಗಣ್ಣು ನನ್ನನ್ನ ನೋಡ್ತಾ ಉಂಟು, ಅದು ಬೇರೆ ಎಲ್ಲೋ ನೋಡ್ತಾ ಉಂಟು. ಯಾರು ನೋಡಿದ್ರೂ ಗೊತ್ತಾಗ್ತದೆ. ನೋಡ್ಲಿಕ್ಕೆ... ನಂಗೆ ತುಂಬ ಸಂಕಟ ಆಗ್ತದೆ."

ಮುರಿಗೆಪ್ಪ ತಲೆ ತಗ್ಗಿಸಿದ.

"ಅಕ್ಕ ಏನೂ ಗೊತ್ತಾಗಂಗಿಲ್ಲ ಅಂದ್ಳು. ಚಾಳಿನ ಮಂದಿ ಎಲ್ಲಾ ಹಂಗ ಅಂದ್ರು. ಕನ್ನಡಿ ನೋಡಿದ್ರ ನನಗ ಕಾಣತಿತ್ತಲ್ಲ... ಮತ್ತ ನನ್ನ ಕಣ್ಣ ಸುಳ್ಳೇನು ಅಂತ ಹುಚ್ಚು ಹಿಡಿದಂಗ ಆಗಿತ್ತು." ಅಂಗೈಯಿಂದ ಮುಖ ಒರೆಸಿಕೊಂಡ. "ನೀವೊಬ್ರ ಇದ್ದದ್ದು ಇದ್ದಂಗ ಹೇಳಿದ್ರಿ."

ಒಂದು ಲೋಕಲ್ ಬಂದು ನಿಂತು ಹೋಯಿತು. ಇಬ್ಬರೂ ಏಳಲಿಲ್ಲ.

"ಕಾರ್ಖಾನ್ಯಾಗ ತೊಳಿಯೋ ಕೆಲಸ ಕೊಡ್ತಾರಂತ ನನಗ" ಅಂದ. "ಹೆಂಗೈತಿ ಆ ಕೆಲಸ?"

"ಕೈ ಸುಡ್ತದೆ. ಮೊದಲ ತಿಂಗಳು ದಿನಾ ಅಳು ಬರ್ತದೆ" ಅಂದಳು ಸೇವಂತಿ. "ಆದ್ರೆ ಬುಡ್ಡಿ ಒಳಗೆ ಒಂದು ಧೂಳಿನ ಕಣ ಉಳಿದ್ರೂ ಅದು ಯಾರದೋ ರಕ್ತಕ್ಕೆ ಹೋಗುದು. ಅದನ್ನ ನಾನು ಅಲ್ಲಿ ಕೂತ ಮೇಲೇ ತಿಳ್ಕೊಂಡದ್ದು. ನಿಮ್ಮ ತಮ್ಮನಿಗೆ ಅದೂ ಬೇಕಿತ್ತು."

ಅವನು ಮೆಲ್ಲಗೆ ತಲೆ ಆಡಿಸಿದ. "ಮಾಡ್ತೀನ್ರಿ. ಆದ್ರ ಅದಕ್ಕೂ ಮೊದಲ... ನಾಳೆ ಬಲಗಣ್ಣಿನ ತಪಾಸಣಿ ಐತಿ. ಇದಕ್ಕೂ ಬಂದೈತೋ ಇಲ್ಲೋ ನಾಳೆ ಹೇಳ್ತಾರ."

ಸೇವಂತಿ ಅವನ ಬಲಗಣ್ಣನ್ನೇ ನೋಡಿದಳು.

"ಕೆಟ್ಟ ಸುದ್ದಿ ಇದ್ರ ಡಾಕ್ಟರ್ ನನಗ ಹೇಳಂಗಿಲ್ಲ. ಸಂಗಡ ಬಂದವರನ್ನ ಬಾಜೂಕ ಕರದು ಹೇಳ್ತಾರ. ಅಕ್ಕ ಹೊರಗ ಬಂದು 'ಏನೂ ಇಲ್ಲೋ ತಮ್ಮಾ' ಅಂತಾಳ. ಅದಕ್ಕ ನೀವು ಬರ್ರಿ. ಅವರು ಏನು ಹೇಳ್ತಾರೋ ಅದನ್ನ ನನಗ ಹೇಳ್ರಿ."

"ಕೆಟ್ಟದ್ದಾದ್ರೆ?"

"ಕೆಟ್ಟದ್ದಾದ್ರೂ."

"ಅಳ್ತಾ ಹೇಳಬಹುದಾ?"

"ಅಳ್ರಿ. ಎಷ್ಟ ಬೇಕಾದ್ರೂ ಅಳ್ರಿ. ಕಡಿಮಿ ಮಾಡಿ ಮಾತ್ರ ಹೇಳಬ್ಯಾಡ್ರಿ."

ಸೇವಂತಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ತೆಗೆದಾಗ ಮೂಗು ಕೆಂಪಾಗಿತ್ತು.

"ನೀನು ಇವರಿಗೆ ಯಾರು ಅಂತ ಡಾಕ್ಟ್ರು ಕೇಳಿದ್ರೆ? ಎಂತ ಹೇಳುದು ನಾನು?"

"ಇದ್ದದ್ದನ್ನ ಹೇಳ್ರಿ."

"ಇದ್ದದ್ದು ಎಂತ?"

ಮುರಿಗೆಪ್ಪ ಹಳಿ ಕಡೆ ನೋಡುತ್ತ, ಒಂದೊಂದೇ ಮಾತು ಹುಡುಕಿ ಹೇಳಿದ. "ನಾನು... ಇಷ್ಟ ಸಿಟ್ಟಿನಾಗೂ... ಲಗ್ನಾ ಆಗಬೇಕು ಅಂದಕೊಂಡಿರೋ ಹುಡುಗಿ, ಅಂತ."

ಸೇವಂತಿ ಬಿರಿದ ಬೆರಳಿನ ಕೈಯನ್ನ ಬೆಂಚಿನ ಮೇಲೆ, ಅವನ ಕೈಗೆ ತಾಗೋ ಹಾಗೆ ಇಟ್ಟಳು. ಈ ಸಲ ಅವನು ಬೇಡ ಅನ್ನಲಿಲ್ಲ.

"ಎಷ್ಟು ಗಂಟೆಗೆ?" ಅಂತ ಕೊನೆಗೆ ಕೇಳಿದಳು.

"ಒಂಬತ್ತೂ ಕಾಲರ ಲೋಕಲ್. ಗೋರೆಗಾಂವದಾಗ ನಾ ಇಳೀತೀನಿ. ನೀವು ಟಿಕೀಟು ಕೊಡೋ ಕಿಡಕಿ ಮುಂದ ನಿಂದರ್ರಿ. ನಾಳೆ."

"ನಾಳೆ" ಅಂದಳು ಸೇವಂತಿ. "ಒಂಬತ್ತಕ್ಕೇ ಬಂದು ನಿಂತಿರ್ತೇನೆ."